ಸುಣ್ಣ ಬೀಳದ ಗೋಂದು

ಹಳೆಯ ಪುಸ್ತಕದ ವಾಸನೆ ಎಂದರೆ ತನಗೆ ಪ್ರಾಣ ಎಂದು ಯಾರಾದರೂ ಕಣ್ಣು ಮುಚ್ಚಿಕೊಂಡು ಹೇಳಿದರೆ ಅವರ ಕೆನ್ನೆಗೆ ಎರಡು ಬಾರಿಸಬೇಕು ಅನ್ನಿಸುತ್ತದೆ ನನಗೆ. ಬಾರಿಸುವುದಿಲ್ಲ, ಬಿಡಿ. ನರಸಿಂಹರಾಜಪುರದ ಕಾಲೇಜೊಂದರಲ್ಲಿ ಇಪ್ಪತ್ತಾರು ವರ್ಷದಿಂದ ರಸಾಯನಶಾಸ್ತ್ರ ಹೇಳಿಕೊಡುವವಳು ಹಾಗೆಲ್ಲ ಕೈ ಎತ್ತಬಾರದು. ಬದಲಿಗೆ ಪಾಠ ಶುರು ಮಾಡುತ್ತೇನೆ. ನೀವು ಮೂಸುತ್ತಿರುವುದು ವಿದ್ಯೆಯನ್ನಲ್ಲ ಮಾರಾಯರೇ, ಕಾಗದ ಸಾಯುವುದನ್ನು, ಅನ್ನುತ್ತೇನೆ. ಮರದಿಂದ ಬಂದ ಲಿಗ್ನಿನ್ ಒಡೆದು ವೆನಿಲಿನ್ ಹೊರಡುತ್ತದೆ, ಐಸ್‌ಕ್ರೀಮಿಗೆ ಹಾಕುವಂಥದ್ದೇ. ನಿಮಗೆ ಹಿತವಾಗಿ ಕಾಣುವ ಆ ಸಿಹಿ ಅದು. ನಾರು ತುಂಡಾದಾಗ ಫರ್‌ಫ್ಯುರಾಲ್ ಬರುತ್ತದೆ, ಹುರಿದ ಬಾದಾಮಿಯಂಥ ಘಾಟು. ಇವೆರಡರ ಅಡಿಯಲ್ಲಿ ಮೂಗನ್ನು ಸಣ್ಣಗೆ ಚುಚ್ಚುವ ಹುಳಿಯೊಂದಿದೆಯಲ್ಲ, ಅದು ಅಸಿಟಿಕ್ ಆಮ್ಲ, ವಿನೆಗರಿನ ಹುಳಿ. ಒಂದು ಹಾಳೆ ಬಿಟ್ಟ ಹುಳಿ ಪಕ್ಕದ ಹಾಳೆಯನ್ನು ತಿನ್ನುತ್ತದೆ, ಅದು ಮತ್ತೂ ಹುಳಿ ಬಿಡುತ್ತದೆ. ಮನೆಯೊಳಗಿನ ಸಿಟ್ಟೂ ಹೀಗೇ ಎಂದು ಹೇಳಬೇಕು ಅನ್ನಿಸಿದಾಗ ಪಾಠ ನಿಲ್ಲಿಸಿ ಹಾಜರಿ ಕರೆಯುತ್ತೇನೆ.

ಹೋದ ಬೇಸಿಗೆಯಲ್ಲಿ ಭಂಡಿಗಡಿಯಿಂದ ಒಬ್ಬರು ಎರಡು ರಟ್ಟಿನ ಪೆಟ್ಟಿಗೆ ಹೊತ್ತು ಕಾಲೇಜಿಗೆ ಬಂದರು. "ಅಜ್ಜನ ಪುಸ್ತಕ ಮೇಡಂ. ನಮ್ಮಲ್ಲಿ ಯಾರೂ ಓದುದಿಲ್ಲ. ಲೈಬ್ರರಿಗೆ ಆಗ್ತದಾ ನೋಡಿ" ಎಂದರು. ಲೈಬ್ರರಿಯವರು ರಜೆ. ಸ್ಟಾಫ್ ರೂಮಿನಲ್ಲಿದ್ದವಳು ನಾನೊಬ್ಬಳೇ. ಆಗಲಿ ಎಂದು ಕತ್ತರಿಯಿಂದ ಟೇಪು ಕೊಯ್ದು ಮೊದಲ ಪೆಟ್ಟಿಗೆಯ ಬಾಯಿ ಬಿಡಿಸಿದೆ. ವಾಸನೆ ಎದ್ದು ಮುಖಕ್ಕೆ ಹೊಡೆಯಿತು. ಬರೀ ಹಳೆಯ ಕಾಗದದ ವಾಸನೆಯಾಗಿರಲಿಲ್ಲ ಅದು. ವರ್ಷಗಟ್ಟಲೆ ಮುಚ್ಚಿಟ್ಟ ಉಪ್ಪಿನಕಾಯಿ ಭರಣಿಯ ಹುಳಿ, ಅದರ ಹಿಂದೆ ಸುಟ್ಟ ಮೈದಾ. ನನಗೆ ಗೊತ್ತಾಗುವ ಮೊದಲೇ ನನ್ನ ಬಲಗೈ ಎದ್ದು ಮುಖಕ್ಕೆ ಅಡ್ಡ ಬಂದಿತ್ತು. ಏಟು ಬೀಳುವ ಮುಂಚೆ ಮಕ್ಕಳು ಕೈ ಅಡ್ಡ ಹಿಡಿಯುತ್ತಾರಲ್ಲ, ಹಾಗೆ. ನಮ್ಮ ಅಟೆಂಡರು ಓಡಿ ಬಂದು, "ಎಂತಾತು ಮೇಡಂ, ಹಾವಾ?" ಎಂದು ಕೇಳಿದ. ಇಲ್ಲ ಮಾರಾಯ, ನಮ್ಮಪ್ಪ, ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ.

ನಮ್ಮ ಮನೆ ಕೊಪ್ಪದ ಪೇಟೆಬೀದಿಯಲ್ಲಿತ್ತು. ಈಗ ಅಲ್ಲಿ ಮೊಬೈಲ್ ಅಂಗಡಿ ಇದೆ. ಬೀದಿಗೆ ಮುಖ ಮಾಡಿದ ಉದ್ದನೆಯ ಕೋಣೆಯೇ ಅಪ್ಪಯ್ಯನ ಬೈಂಡಿಂಗ್ ಅಂಗಡಿ. ಅದರ ಹಿಂದೆ ನಡುಮನೆ, ಅದರ ಹಿಂದೆ ಅಡುಗೆಮನೆ, ಮೂರೂ ಒಂದೇ ಗೆರೆಯಲ್ಲಿ. ಅಂಗಡಿಯ ಬಾಗಿಲಲ್ಲಿ ನಿಂತವರಿಗೆ ಒಲೆಯ ಉರಿ ಕಾಣುತ್ತಿತ್ತು, ಒಲೆಯ ಮುಂದೆ ಕೂತವರಿಗೆ ಬಸ್ಸು ಕಾಣುತ್ತಿತ್ತು. ಬೆಂದ ಮೈದಾ, ಹಸಿ ರಟ್ಟು, ಗಂಜಿ ಹಾಕಿದ ಕ್ಯಾಲಿಕೊ ಬಟ್ಟೆ, ಜೇನುಮೇಣ ಹಚ್ಚಿದ ದಾರ, ಇವೆಲ್ಲದರ ವಾಸನೆ ನಮ್ಮ ಅನ್ನಕ್ಕೂ ಹತ್ತಿರುತ್ತಿತ್ತು. ಹಾಸಿಗೆ ಕೊಡವಿದರೆ ಕಾಗದದ ಸಣ್ಣ ಸಣ್ಣ ಎಳೆಗಳು ಹಾರುತ್ತಿದ್ದವು. ಮನೆಯಲ್ಲಿದ್ದವರು ನಾಲ್ಕೇ ಜನ: ಊರೆಲ್ಲ ಬೈಂಡಿಂಗ್ ಗಣಪಯ್ಯ ಎಂದು ಕರೆಯುತ್ತಿದ್ದ ನನ್ನ ಅಪ್ಪಯ್ಯ, ಅಮ್ಮ, ಅಪ್ಪಯ್ಯನ ತಂಗಿ ಪದ್ದತ್ತೆ, ಮತ್ತೆ ನಾನು.

ಬೈಂಡಿಂಗ್ ಅಂದರೆ ನಾಜೂಕಿನ ಕೆಲಸ ಎಂದುಕೊಂಡವರು ಅದನ್ನು ಮಾಡಿದವರಲ್ಲ. ಮೊದಲು ಹಳೆಯ ಪುಸ್ತಕದ ಬೆನ್ನು ಸೀಳಬೇಕು. ಒಣಗಿದ ಸರೇಸಿನ ಅಂಟನ್ನು ಚರ್ಮ ಸುಲಿದ ಹಾಗೆ ಕೆರೆಯಬೇಕು. ದಬ್ಬಣದಿಂದ ತೂತು ಚುಚ್ಚಬೇಕು, ಹೊಲಿದದ್ದನ್ನು ಸುತ್ತಿಗೆಯಿಂದ ಜಜ್ಜಬೇಕು, ಆಮೇಲೆ ಮರದ ಪ್ರೆಸ್ಸಿನ ಎರಡು ಹಲಗೆಗಳ ನಡುವೆ ಸಿಕ್ಕಿಸಿ ತಿರುಪು ಬಿಗಿದು ಅಂಚು ಕೊಯ್ಯಬೇಕು. ಅಪ್ಪಯ್ಯ ಪುಸ್ತಕಕ್ಕೂ ಮನೆಯವರಿಗೂ ಒಂದೇ ಕೈ ಬಳಸುತ್ತಿದ್ದ. ಒದ್ದೆ ಬೆರಳಿನಿಂದ ಹಾಳೆ ಮುಟ್ಟಿದೆ ಎಂದು ನನ್ನ ಗೆಣ್ಣುಗಳ ಮೇಲೆ ರೂಲುದೊಣ್ಣೆ ಬೀಳುತ್ತಿತ್ತು. ಸಾರಿಗೆ ಉಪ್ಪು ಹೆಚ್ಚಾಯಿತೆಂದು ಪಾತ್ರೆ ಸಮೇತ ಬೀದಿಗೆ ಎಸೆದದ್ದನ್ನು ಜಯಪುರದ ಬಸ್ಸಿಗೆ ಕಾಯುತ್ತಿದ್ದವರೆಲ್ಲ ನೋಡಿದ್ದಾರೆ. ಅಮ್ಮನ ಹುಬ್ಬಿನ ಮೇಲೆ ಬಾಗಿಲ ಚೌಕಟ್ಟಿನ ಗುರುತಿತ್ತು. ಆದರೆ ಕೊಯ್ದುಳಿದ ಅಂಚಿನ ಚೂರುಗಳನ್ನು ಸೇರಿಸಿ ನನ್ನ ಅಂಗೈಯಷ್ಟೇ ಇರುವ ನೋಟ್‌ಬುಕ್ ಮಾಡಿಕೊಡುತ್ತಿದ್ದವನೂ ಅವನೇ. ರಿಪೇರಿಗೆ ಬಂದ ಪುಸ್ತಕಗಳನ್ನು ವಾಪಸು ಕೊಡುವ ಮುಂಚೆ ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು, ಬೆರಳಿಟ್ಟು ಸಾಲು ಸಾಲಾಗಿ ಓದಿಸುತ್ತಿದ್ದ. ನಾನು ಅಕ್ಷರ ಕಲಿತದ್ದು ಹಾಗೆ. ಹಾಳಾದವನು, ಪ್ರೀತಿಯೇ ಇಲ್ಲದವನಾಗಿದ್ದರೆ ನನಗೆ ಎಷ್ಟು ಸುಲಭವಾಗುತ್ತಿತ್ತು.

ಪದ್ದತ್ತೆಯನ್ನು ಮೆಣಸೆ ಎಂಬ ಊರಿಗೆ ಕೊಟ್ಟಿತ್ತು. ಮದುವೆಯಾಗಿ ಎರಡನೆಯ ಮಳೆಗಾಲಕ್ಕೆ ಗಂಡ ಔಷಧಿ ಹೊಡೆಯಲು ಹತ್ತಿದ ಅಡಿಕೆಮರದಿಂದ ಬಿದ್ದು ಹೋದ. ಅವಳು ಒಂದು ಟ್ರಂಕು ಹಿಡಿದುಕೊಂಡು ಅಣ್ಣನ ಮನೆಗೆ ಬಂದಳು, ಬಂದ ವಾರದಿಂದ ಹೊಲಿಗೆಗೆ ಕೂತಳು. ಅಂಥ ಹೊಲಿಗೆಯನ್ನು ನಾನು ಆಮೇಲೆ ಎಲ್ಲೂ ನೋಡಲಿಲ್ಲ. ನೆಲದ ಮೇಲೆ ಕಾಲು ಚಾಚಿ, ಹಾಳೆಗಳ ಕಟ್ಟನ್ನು ಮಡಿಲಲ್ಲಿ ಹಾಕಿಕೊಂಡು, ಪ್ರತಿ ಕಟ್ಟಿನ ಕೊನೆಗೂ ದಾರವನ್ನು ಎರಡು ಸುತ್ತು ಸುತ್ತಿ ಗಂಟು ಹಾಕುವಳು. ಆ ಗಂಟನ್ನು ಹಲ್ಲಿನಿಂದ ಬಿಗಿದು, ತುಟಿಗೆ ಅಂಟಿದ ಮೇಣವನ್ನು ಸೆರಗಿನಲ್ಲಿ ಒರೆಸಿಕೊಳ್ಳುವಳು. ನಗುವಾಗ ಬಾಯಿಗೆ ಕೈ ಅಡ್ಡ ಇಡುತ್ತಿರಲಿಲ್ಲ. ನನಗೆ ಅವಳೆಂದರೆ ಅಮ್ಮನಿಗಿಂತ ಒಂದು ತೂಕ ಹೆಚ್ಚು. ಶಾಲೆಯಿಂದ ಬಂದವಳು ಮೊದಲು ಹೋಗಿ ಬೀಳುತ್ತಿದ್ದದ್ದು ಅವಳ ಬೆನ್ನ ಮೇಲೆಯೇ.

ಈಗ ಮೈಲುತುತ್ತದ ವಿಷಯ. ನಮ್ಮ ಕಡೆಯವರಿಗೆ ಅದನ್ನು ಹೇಳಿಕೊಡಬೇಕಾಗಿಲ್ಲ. ಅಡಿಕೆಗೊನೆಗೆ ಕೊಳೆರೋಗ ಬರಬಾರದೆಂದು ಹೊಡೆಯುವ ಔಷಧಿ ಅದರದೇ. ನೀಲಿ ಹರಳನ್ನು ಪೀಪಾಯಿಯಲ್ಲಿ ಕರಗಿಸಿ, ಸುಣ್ಣದ ನೀರು ಬೆರೆಸಿ, ಉಜ್ಜಿ ಬೆಳ್ಳಗೆ ಮಾಡಿದ ಒಂದು ಚೂರಿಯನ್ನು ಅದರಲ್ಲಿ ಅದ್ದಿ ಎತ್ತುತ್ತಾರೆ. ಚೂರಿ ಕೆಂಪಾದರೆ ಸುಣ್ಣ ಸಾಲದು ಎಂದು ಲೆಕ್ಕ, ಹಾಗೇ ಹೊಡೆದರೆ ಗೊನೆ ಸುಟ್ಟುಹೋಗುತ್ತದೆ. ಕೆಂಪಾಗದಿದ್ದರೆ ಹೊಡೆಯಬಹುದು. ಕೊಪ್ಪ, ಶೃಂಗೇರಿ, ಎನ್.ಆರ್. ಪುರ ಮೂರೂ ತಾಲ್ಲೂಕಿನಲ್ಲಿ ಇದು ಗೊತ್ತಿಲ್ಲದ ಮನೆಯಿಲ್ಲ. ಔಷಧಿ ಹೊಡೆದು ಉಳಿದ ಒಂದೊಂದು ಹಿಡಿ ಹರಳನ್ನು ಜನ ಕಾಗದದಲ್ಲಿ ಕಟ್ಟಿ ಅಪ್ಪಯ್ಯನಿಗೆ ತಂದುಕೊಡುತ್ತಿದ್ದರು, ಏಕೆಂದರೆ ಗೋಂದಿಗೆ ಅದನ್ನು ಹಾಕಿದರೆ ಪುಸ್ತಕಕ್ಕೆ ಹುಳ ಹತ್ತುವುದಿಲ್ಲ. ಅಪ್ಪಯ್ಯ ಮೈದಾ ಬೇಯಿಸುವಾಗ ಅದನ್ನು ಪುಡಿ ಮಾಡಿ ಉದುರಿಸುತ್ತಿದ್ದ. ಗೋಂದು ತಿಳಿನೀಲಿ ಬಣ್ಣಕ್ಕೆ ತಿರುಗುತ್ತಿತ್ತು. ಸುಣ್ಣ ಮಾತ್ರ ಹಾಕುತ್ತಿರಲಿಲ್ಲ. ಸುಣ್ಣ ಬಿದ್ದರೆ ಗೋಂದು ಹಳದಿಯಾಗುತ್ತದೆ, ಅಂಟು ಸಡಿಲವಾಗುತ್ತದೆ, ನೋಡಲು ಚಂದವಿಲ್ಲ ಎಂದು ಅವನ ಹಟ. ಪೀಪಾಯಿಗೆ ಚೂರಿ ಅದ್ದಿ ನೋಡುವ ಊರಿನಲ್ಲಿ ಗೋಂದಿನ ಬೋಗುಣಿಯನ್ನು ಯಾರೂ ಹಾಗೆ ಪರೀಕ್ಷಿಸಲಿಲ್ಲ. ತಮಾಷೆ ನೋಡಿ, ಅವನ ಚೂರಿ ದಿನವಿಡೀ ಆ ಬೋಗುಣಿಯಲ್ಲೇ ಇರುತ್ತಿತ್ತು, ಮತ್ತು ಯಾವಾಗಲೂ ಕೆಂಪಾಗಿಯೇ ಇರುತ್ತಿತ್ತು. ನಾನು ಅದನ್ನು ರಕ್ತ ಎಂದು ತಿಳಿದಿದ್ದೆ. ಅಪ್ಪಯ್ಯನ ಚೂರಿಯಲ್ಲವೇ.

ನೋಡಿ ಅರ್ಥ ಮಾಡಿಕೊಂಡವಳು ಪದ್ದತ್ತೆ ಒಬ್ಬಳೇ. ಭಂಡಿಗಡಿ ಮೇಷ್ಟರು ಎಂದು ನಾವೆಲ್ಲ ಕರೆಯುತ್ತಿದ್ದ ಹಿರಿಯರೊಬ್ಬರು ತಮ್ಮ ಮನೆಯ ಅಷ್ಟೂ ಪುಸ್ತಕ ತಂದು ಹಾಕಿದ್ದರು, ಹಿಂದಿನ ಸಲದ ಬೈಂಡಿಗೆ ಹುಳ ಬಿತ್ತೆಂದು ದೂರಿದ್ದರು. ಅಪ್ಪಯ್ಯನಿಗೆ ಅವಮಾನ. ಅವತ್ತು ಒಂದು ಹಿಡಿ ಹಾಕುವಲ್ಲಿ ಮೂರು ಹಿಡಿ ಹಾಕಿದ. ಗೋಂದು ನವಿಲಿನ ಕತ್ತಿನಷ್ಟು ನೀಲಿಯಾಯಿತು. ಅತ್ತೆ ಸೂಜಿ ಕೆಳಗಿಟ್ಟು, "ಅಣ್ಣಯ್ಯ, ಚೂರಿ ನೋಡು, ಹೆಂಗೆ ಕೆಂಪಾಗಿದೆ. ಒಂಚೂರು ಸುಣ್ಣ ಹಾಕು ಮಾರಾಯ. ಗೊನೆ ಸುಡೋದು ಕಾಗದ ಸುಡದೆ ಬಿಡ್ತದಾ?" ಎಂದಳು. ಎಷ್ಟು ಮೆತ್ತಗೆ ಹೇಳಿದಳೆಂದರೆ ನನಗೆ ಅದು ಬೇಡಿಕೊಂಡ ಹಾಗೆ ಕೇಳಿಸಿತು. ಅಪ್ಪಯ್ಯ ಕುದಿಯುವ ಗೋಂದಿನ ಸೌಟನ್ನು ಎತ್ತಿ ಅವಳತ್ತ ಬೀಸಿದ. ಅದು ಕುತ್ತಿಗೆಯಿಂದ ಭುಜದವರೆಗೆ ಅಂಟಿಕೊಂಡಿತು. ಗೋಂದು ಬಿಸಿನೀರಿನ ಹಾಗೆ ಹರಿದು ಹೋಗುವುದಿಲ್ಲ. ಕಿತ್ತರೆ ಚರ್ಮವೂ ಬರುತ್ತದೆ. "ಹೊಲಿಯೋಳು ಹೊಲಿ. ಮೆಣಸೆಯಲ್ಲಿ ಗಂಡನ್ನ ತಿಂದ್ಕಂಡು ಬಂದೋಳು ನಂಗೆ ಬೈಂಡಿಂಗ್ ಹೇಳ್ಕೊಡ್ತೀಯಾ?" ಎಂದ. ಅತ್ತೆ ಆ ಪುಸ್ತಕಗಳನ್ನೆಲ್ಲ ಒದ್ದೆ ಬಟ್ಟೆ ಹೊದ್ದ ಭುಜದಲ್ಲೇ ಹೊಲಿದು ಮುಗಿಸಿದಳು.

ಮೂರು ಮಳೆಗಾಲ ಕಳೆಯಿತು. ಒಂದು ಮಧ್ಯಾಹ್ನ ಮೇಷ್ಟರು ಆ ಪುಸ್ತಕಗಳಲ್ಲಿ ಹತ್ತನ್ನು ಚೀಲದಲ್ಲಿ ಹಾಕಿಕೊಂಡು ಬಂದರು. ಅಂಗಡಿಯಲ್ಲಿ ಬೇರೆ ಗಿರಾಕಿಗಳೂ ಇದ್ದರು. ಮೇಷ್ಟರು ಒಂದು ಪುಸ್ತಕ ತೆಗೆದು ನಡುವೆ ಬಿಡಿಸಿ ಮೇಜಿನ ಮೇಲಿಟ್ಟರು. ಬೆನ್ನಿನುದ್ದಕ್ಕೂ ಹಾಳೆಗಳು ಕಂದು ಬಣ್ಣಕ್ಕೆ ತಿರುಗಿ, ಮಡಚಿದಲ್ಲಿ ಹಪ್ಪಳದ ಹಾಗೆ ಮುರಿದವು. ವಾಸನೆ ಅಂಗಡಿ ತುಂಬಿತು. ಯಾರೋ, "ಎಂತ ಗಣಪಯ್ಯ, ಉಪ್ಪಿನಕಾಯಿ ಹಾಕಿದ್ಯಾ ಪುಸ್ತಕಕ್ಕೆ?" ಎಂದು ನಕ್ಕರು. ನಗು ಅಲ್ಲಿದ್ದವರಿಗೆಲ್ಲ ಹಬ್ಬಿತು. ಅಪ್ಪಯ್ಯನ ಕಿವಿ ಕೆಂಪಾದದ್ದನ್ನು ಕಂಡವಳೇ ನಾನು ನಡುಮನೆಯ ಬಾಗಿಲ ಹಿಂದೆ ಸರಿದೆ. ಮಳೆಗಾಲದಲ್ಲಿ ಬಿಸಿಲಿಲ್ಲದ್ದರಿಂದ ಬೈಂಡಾದ ಪುಸ್ತಕಗಳನ್ನು ಒಲೆಯ ಮೇಲಿನ ಅಟ್ಟದಲ್ಲಿ ಕಲ್ಲು ಹೇರಿ ಒಣಗಿಸುವುದು ನಮ್ಮ ಪದ್ಧತಿ. ಅದೇ ಒಲೆಯ ಮೇಲೆ ಪದ್ದತ್ತೆ ಉಪ್ಪಾಗೆ ಹಣ್ಣಿನ ಹುಳಿ ಕಾಯಿಸುತ್ತಿದ್ದಳು. ಅಪ್ಪಯ್ಯನಿಗೆ ತಪ್ಪು ಹೊರಿಸಲು ಅಷ್ಟು ಸಾಕಾಯಿತು.

ಅವನು ಮೊದಲು ಅತ್ತೆಯ ಹತ್ತಿರ ಹೋಗಲಿಲ್ಲ, ನನ್ನ ಹತ್ತಿರ ಬಂದ. ಬೆನ್ನು ಜಜ್ಜುವ ಸುತ್ತಿಗೆ ಕೈಯಲ್ಲಿತ್ತು. ನನ್ನ ಜಡೆ ಹಿಡಿದು ಬಾಗಿಲ ಹಿಂದಿನಿಂದ ಎಳೆದು ಎಲ್ಲರ ಮುಂದೆ ನಿಲ್ಲಿಸಿ, "ಕೂಸೇ, ನಿನ್ನ ಅತ್ತೆ ಅಟ್ಟದ ಪುಸ್ತಕಕ್ಕೆ ಹುಳಿ ಸಿಡಿಸಿದ್ದು ನೀ ಕಂಡಿದೀಯ, ಅಲ್ದನೇ?" ಎಂದು ಕೇಳಿದ. ನಾನು ಕಂಡಿರಲಿಲ್ಲ. ಅವಳು ಹುಳಿ ಕಾಯಿಸುವಾಗಲೆಲ್ಲ ಪಕ್ಕದಲ್ಲಿ ಕೂತು ಸೌಟು ನೆಕ್ಕುತ್ತಿದ್ದವಳು ನಾನೇ. ಅಟ್ಟದ ಪುಸ್ತಕಕ್ಕೆ ಒಂದು ಹನಿ ಸಿಡಿಯಬಾರದೆಂದು ಅವಳು ಗಡಿಗೆಗೆ ಮುಚ್ಚಳ ಮುಚ್ಚಿ, ಅದರ ಮೇಲೆ ಒದ್ದೆ ಬಟ್ಟೆ ಹಾಕುತ್ತಿದ್ದದ್ದನ್ನು ಕಂಡವಳೂ ನಾನೇ. ನನಗೆ ಹತ್ತು ವರ್ಷ. ಸುತ್ತಿಗೆಯ ಮರದ ಹಿಡಿ ಬೆವರಿನಿಂದ ಕಪ್ಪಾಗಿತ್ತು. ಅತ್ತೆ ಅಡುಗೆಮನೆಯಿಂದ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ನಿಂತಳು. ನಾನು "ಹೂಂ" ಎಂದೆ. ಒಂದೇ ಒಂದು ಹೂಂ.

ಆಮೇಲಿನದು ಬೇಗ ಬೇಗ ಆಯಿತು. ಅಪ್ಪಯ್ಯ ಸುತ್ತಿಗೆ ಎಸೆದು ಅತ್ತೆಯ ಬಲಗೈ ಮುಂಗೈಯನ್ನು ಹಿಡಿದೆಳೆದ. ಬೆರಳುಗಳನ್ನು ಪ್ರೆಸ್ಸಿನ ಎರಡು ಹಲಗೆಗಳ ನಡುವೆ ತೂರಿಸಿದ. ತಿರುಪು ತಿರುಗಿಸಿದ. ಆ ತಿರುಪಿನ ಕಿರ್ರ್ ಎನ್ನುವ ಸದ್ದನ್ನು ನಾನು ದಿನವೂ ಕೇಳುತ್ತಿದ್ದೆ, ಅದು ನಮ್ಮ ಮನೆಯ ಸದ್ದು. ಅವತ್ತು ಅದರ ಜೊತೆಗೆ ಇನ್ನೊಂದು ಸದ್ದು ಬಂತು, ಒಣ ಕಡ್ಡಿ ಮುರಿದ ಹಾಗೆ, ಎರಡು ಸಲ. ಅತ್ತೆ ಕಿರುಚಿದ್ದು ಆಮೇಲೆ. ಮೇಷ್ಟರು, "ಪುಸ್ತಕ ಹೋದ್ರೆ ಹೋಗ್ಲಿ ಮಾರಾಯ, ಕೈ ಬಿಡೋ, ಕೈ ಬಿಡೋ!" ಎನ್ನುತ್ತಿದ್ದರು, ಆದರೆ ನಿಂತಲ್ಲಿಂದ ಒಂದು ಹೆಜ್ಜೆ ಮುಂದೆ ಬರಲಿಲ್ಲ. ನಕ್ಕವರೂ ಬರಲಿಲ್ಲ. ಬಂದವಳು ಅಮ್ಮ. ಉರಿಯುವ ಕೊಳ್ಳಿಯನ್ನು ಒಲೆಯಿಂದ ಎಳೆದುಕೊಂಡು ಬಂದು ಅಪ್ಪಯ್ಯನ ತೋಳಿಗೆ ಒತ್ತಿ ಹಿಡಿದಳು. ಅವನು ತಿರುಪು ಬಿಡುವವರೆಗೂ ಅವಳು ಕೊಳ್ಳಿ ತೆಗೆಯಲಿಲ್ಲ. ಮಾಂಸ ಸುಟ್ಟ ವಾಸನೆಯೂ ಆ ಹುಳಿ ವಾಸನೆಯೂ ಒಂದರೊಳಗೊಂದು ಸೇರಿಕೊಂಡವು. ಇಷ್ಟೆಲ್ಲ ಆಗುವಾಗ ಪದ್ದತ್ತೆ ಅಣ್ಣನ ಮುಖ ನೋಡಲಿಲ್ಲ, ನನ್ನ ಮುಖ ನೋಡುತ್ತಿದ್ದಳು. ಅವಳ ಕಣ್ಣಲ್ಲಿ ಸಿಟ್ಟು ಇರಲಿಲ್ಲ. ಏನೋ ಕೇಳುತ್ತಿದ್ದ ಹಾಗಿತ್ತು.

ಅಮ್ಮ ಮುರಿದ ಎರಡು ಬೆರಳುಗಳ ಆಚೀಚೆ ರಟ್ಟಿನ ತುಂಡಿಟ್ಟು ಕ್ಯಾಲಿಕೊ ಬಟ್ಟೆಯಿಂದ ಸುತ್ತಿದಳು. ಪುಸ್ತಕ ಕಟ್ಟಿದ ಹಾಗೇ ಕಟ್ಟಿದಳು, ಅವಳಿಗೂ ಗೊತ್ತಿದ್ದ ಕಟ್ಟು ಅದೊಂದೇ. ಮರುದಿನ ಬೆಳಿಗ್ಗೆಯ ಶೃಂಗೇರಿ ಬಸ್ಸಿಗೆ ಅತ್ತೆ ಟ್ರಂಕು ಹತ್ತಿಸಿದಳು. ನಾನು ಕೆಳಗೆ ಬಸ್ಸಿನ ಕಿಟಕಿಯ ಸರಳು ಹಿಡಿದು ನಿಂತಿದ್ದೆ. ಅವಳು ಸರಳಿನೊಳಗಿಂದ ಎಡಗೈ ತೂರಿಸಿ ನನ್ನ ತಲೆ ಮುಟ್ಟಿ, "ಸಮಾ ಓದು ಕೂಸೇ" ಎಂದಷ್ಟೇ ಹೇಳಿದಳು. ಶೃಂಗೇರಿಯ ಒಂದು ಊಟದ ಮನೆಯಲ್ಲಿ ಎಡಗೈಯಲ್ಲಿ ತರಕಾರಿ ಹೆಚ್ಚುವುದನ್ನು ಕಲಿತು ಅಲ್ಲೇ ಹಣ್ಣಾದಳು. ಅಪ್ಪಯ್ಯ ಅವಳ ಹೆಸರನ್ನು ಮತ್ತೆ ಎತ್ತಲಿಲ್ಲ. ಹೊಲಿಗೆಯನ್ನು ತಾನೇ ಹಾಕತೊಡಗಿದ, ಕೆಟ್ಟದಾಗಿ. ನನ್ನನ್ನೂ ಅಮ್ಮನನ್ನೂ ಹೊಡೆಯುವುದು ಒಮ್ಮೆಗೇ ನಿಂತುಹೋಯಿತು. ನಾವು ಅದಕ್ಕೆ ಅಮ್ಮನ ಕೊಳ್ಳಿಯೇ ಕಾರಣ ಎಂದುಕೊಂಡಿದ್ದೆವು. ಇನ್ನೊಂದು ಬದಲಾವಣೆಯನ್ನು ನಾನು ಕಂಡೂ ಕಾಣಲಿಲ್ಲ. ಗೋಂದಿನ ಬೋಗುಣಿಯ ಚೂರಿ ಬೆಳ್ಳಗಾಗಿತ್ತು. ಹೊಸ ಚೂರಿ ತಂದಿರಬೇಕು ಎಂದುಕೊಂಡೆ.

ಮೈಲುತುತ್ತದಂಥ ತಾಮ್ರದ ಲವಣದಲ್ಲಿ ಕಬ್ಬಿಣ ಅದ್ದಿದರೆ ತಾಮ್ರ ಅದರ ಮೇಲೆ ಕೆಂಪಗೆ ಕೂರುತ್ತದೆ ಎನ್ನುವುದನ್ನು ಕಾಲೇಜಿನಲ್ಲಿ ಓದುವಾಗ ಬೋಗುಣಿಯ ಆ ಕೆಂಪು ಚೂರಿ ಕಣ್ಣ ಮುಂದೆ ಬಂತು. ಆ ತಾಮ್ರವೂ ಅದರ ಆಮ್ಲವೂ ಸೇರಿ ಕಾಗದದ ನಾರನ್ನು ಕತ್ತರಿಸುತ್ತವೆ, ಕತ್ತರಿಸಿದ ನಾರು ಹುಳಿ ಬಿಡುತ್ತದೆ. ಸುಣ್ಣ ಬಿದ್ದಿದ್ದರೆ ಆ ಆಮ್ಲ ಅಡಗುತ್ತಿತ್ತು. ಅಂದರೆ ಪದ್ದತ್ತೆ ಹೇಳಿದ್ದು ಅಕ್ಷರಕ್ಕಕ್ಷರ ಸರಿ. ಗೊತ್ತಾಯಿತಲ್ಲ, ಹೇಳಿದೆನೇ? ಇಲ್ಲ. ಅಪ್ಪಯ್ಯನ ಎದುರು ನಿಂತರೆ ನಾನು ಹತ್ತು ವರ್ಷದವಳೇ ಆಗಿಬಿಡುತ್ತಿದ್ದೆ. ಅತ್ತೆಯ ಎದುರು ಹೇಳುವುದು ಇನ್ನೂ ಕಷ್ಟವಾಗಿತ್ತು, ಗೋಂದಿನ ಸತ್ಯ ಹೇಳಹೊರಟರೆ ನನ್ನ ಹೂಂ ಕೂಡ ಹೊರಗೆ ಬರಬೇಕಲ್ಲ. ಅಮ್ಮ ಹೋದಳು, ಆಮೇಲೆ ಅಪ್ಪಯ್ಯನೂ ಹೋದ. ಕೊನೆಯ ವಾರವೆಲ್ಲ ಹಾಸಿಗೆಯಲ್ಲಿ ಇಲ್ಲದ ದಾರಕ್ಕೆ ಮೇಣ ತೀಡುತ್ತಿದ್ದ, ಬಾಯಿ ಮಾತ್ರ ಬಿಡಲಿಲ್ಲ. ನಾನು ವರ್ಷಕ್ಕೆ ಎರಡು ಸಲವಾದರೂ ಶೃಂಗೇರಿಗೆ ಹೋಗಿ, ಅತ್ತೆಯ ಒಂದೇ ಕೋಣೆಯ ಬಿಡಾರದಲ್ಲಿ ಕೂತು, ಕಿತ್ತಳೆ ಕೊಟ್ಟು, ಕಾಫಿ ಕುಡಿದು, ಕಾಲು ಮುಟ್ಟಿ ಬರುತ್ತಿದ್ದೆ. ನಲವತ್ತೆರಡು ವರ್ಷ. ಹೇಡಿತನಕ್ಕೆ ನಾನು ಬೇರೆ ಹೆಸರು ಕೊಡುವುದಿಲ್ಲ.

ಭಂಡಿಗಡಿಯ ಆ ಎರಡು ಪೆಟ್ಟಿಗೆ ಮೇಷ್ಟರವೇ. ಅಪ್ಪಯ್ಯನಿಗೊಂದು ಅಭ್ಯಾಸವಿತ್ತು: ಪ್ರತಿ ಬೈಂಡಿನ ಹಿಂದಿನ ರಟ್ಟಿನ ಒಳಗೆ, ಕಾಗದ ಅಂಟಿಸುವ ಮುಂಚೆ, ನೀಲಿ ಪೆನ್ಸಿಲಿನಲ್ಲಿ ತಿಂಗಳು ವರ್ಷ ಬರೆಯುವುದು. ಮೊದಲ ಪೆಟ್ಟಿಗೆಯ ಪುಸ್ತಕಗಳಲ್ಲಿ ಕಾಗದ ತಾನಾಗಿಯೇ ಉದುರಿ ಆ ಬರಹ ಕಾಣುತ್ತಿತ್ತು. ಅವೆಲ್ಲ ಅತ್ತೆ ಇದ್ದಾಗಿನವು. ಹಾಳೆಗಳು ಕಂದಾಗಿ ಪುಡಿಯಾಗುತ್ತಿದ್ದವು, ಆದರೆ ಎರಡು ಸುತ್ತಿನ ಗಂಟುಗಳು ಒಂದೂ ಸಡಿಲವಾಗಿರಲಿಲ್ಲ. ಎರಡನೆಯ ಪೆಟ್ಟಿಗೆ ತೆರೆದಾಗ ಹುಳಿ ಬರಲಿಲ್ಲ. ಮೇಷ್ಟರು ಎರಡು ವರ್ಷ ಮುಖ ತಿರುಗಿಸಿದ್ದು ನಿಜ, ಆದರೆ ಕೊಪ್ಪದಲ್ಲಿ ಬೇರೆ ಬೈಂಡರ್ ಇರಲಿಲ್ಲವಲ್ಲ, ಮತ್ತೆ ಬಂದಿದ್ದರು. ಒಂದು ಪುಸ್ತಕ ತೆಗೆದೆ. ಹಾಳೆ ಬೆಳ್ಳಗೆ, ಮಡಚಿದರೆ ಮಡಚುತ್ತದೆ, ಮುರಿಯುವುದಿಲ್ಲ. ಹೊಲಿಗೆ ಹಾಳು ಹೊಲಿಗೆ, ಅಪ್ಪಯ್ಯನದು. ರಟ್ಟಿನ ಅಂಚಿನಲ್ಲಿ ಒಣಗಿ ನಿಂತ ಗೋಂದು ನೀಲಿಯಾಗಿರಲಿಲ್ಲ, ಹಳದಿಗೆ ತಿರುಗಿತ್ತು. ಉಗುರಿನಿಂದ ಕೆರೆದೆ. ಲ್ಯಾಬಿಗೆ ಒಯ್ದು ಒಂದು ಹನಿ ಆಮ್ಲ ಬಿಟ್ಟೆ. ನೊರೆ ಎದ್ದಿತು. ಸುಣ್ಣ.

ಅವನಿಗೆ ಗೊತ್ತಾಗಿತ್ತು. ಅವಳು ಬಸ್ಸು ಹತ್ತಿದ ಮೇಲೆ ಯಾವಾಗಲೋ ಒಬ್ಬನೇ ಕೂತು ಕೆಂಪು ಚೂರಿಯನ್ನು ನೋಡಿದ್ದಾನೆ, ಸುಣ್ಣ ಹಾಕಿದ್ದಾನೆ, ಉಜ್ಜಿ ಅದ್ದಿದ ಚೂರಿ ಬೆಳ್ಳಗೇ ಉಳಿದದ್ದನ್ನೂ ನೋಡಿದ್ದಾನೆ. ಆಮೇಲೆ ಸಾಯುವವರೆಗೂ ಪ್ರತಿ ಗೋಂದಿಗೂ ಅವಳ ಮಾತಿನಂತೆಯೇ ಸುಣ್ಣ ಹಾಕಿದ್ದಾನೆ. ಶೃಂಗೇರಿಗೆ ಎಷ್ಟು ದೂರ? ಬೆಳಿಗ್ಗೆ ಹೋದರೆ ಮಧ್ಯಾಹ್ನದ ಊಟಕ್ಕೆ ಮನೆಗೆ ಬರಬಹುದು. ಹೋಗಲಿಲ್ಲ. ಪುಸ್ತಕ ಉಳಿಸಿಕೊಂಡ, ತಂಗಿಯನ್ನು ಬಿಟ್ಟ. ಕೈಯಲ್ಲಿದ್ದ ಆ ಪುಸ್ತಕವನ್ನು ಎತ್ತಿ ಲ್ಯಾಬಿನ ಗೋಡೆಗೆ ಬೀಸಿದೆ. ಗಾಜಿನ ಕಪಾಟು ಒಡೆಯಿತು, ಬೀಕರುಗಳು ಉರುಳಿ ಬಿದ್ದವು, ಅಪ್ಪಯ್ಯನ ಹೊಲಿಗೆ ಹರಿದು ಹಾಳೆಗಳು ಚೆಲ್ಲಾಡಿದವು. ಅಟೆಂಡರು ಬಾಗಿಲಲ್ಲಿ ನಿಂತು ನನ್ನನ್ನು ನೋಡುತ್ತಿದ್ದ. ಒಳಗೆ ಬರಲು ಹೆದರುತ್ತಿದ್ದ. ಆ ಹೆದರಿಕೆ ನನಗೆ ಚೆನ್ನಾಗಿ ಗೊತ್ತು. ನನ್ನ ಬಲಗೈಯನ್ನು ನೋಡಿಕೊಂಡೆ. ಅದೇ ಬೀಸು, ಅದೇ ತೋಳು. ನೆಲಕ್ಕೆ ಕೂತು ಹಾಳೆಗಳನ್ನು ಒಂದೊಂದಾಗಿ ಹೆಕ್ಕಿದೆ, ಗಾಜು ಚುಚ್ಚಿದರೂ ಹೆಕ್ಕಿದೆ.

ಮಾರನೆಯ ಭಾನುವಾರ ಒಂದು ಹುಳಿ ಪುಸ್ತಕವನ್ನೂ ಹರಿದ ಆ ಬಿಳಿ ಪುಸ್ತಕವನ್ನೂ ಚೀಲದಲ್ಲಿ ಹಾಕಿಕೊಂಡು ಶೃಂಗೇರಿಗೆ ಹೋದೆ. ಅತ್ತೆ ಕಿಟಕಿಯ ಹತ್ತಿರ ಕೂತಿದ್ದಳು. ಎರಡೂ ಕಣ್ಣಿಗೆ ಪೊರೆ, ಹೆಜ್ಜೆಯ ಸದ್ದಿನಲ್ಲೇ ನನ್ನನ್ನು ಗುರುತಿಸುತ್ತಾಳೆ. ಮೊದಲು ಹುಳಿ ಪುಸ್ತಕವನ್ನು ಅವಳ ಮಡಿಲಲ್ಲಿಟ್ಟೆ. ಮೂಗಿನ ಹತ್ತಿರ ಒಯ್ದವಳು ತಟ್ಟನೆ ಮುಖ ತಿರುಗಿಸಿದಳು. ಆಮೇಲೆ ಹೆಬ್ಬೆರಳಿನಿಂದ ಬೆನ್ನಿನ ಗಂಟುಗಳನ್ನು ತಡವಿ, "ನನ್ನ ಹೊಲಿಗೆ. ಇನ್ನೂ ಇದೆ ನೋಡು" ಎಂದಳು. ಎರಡನೆಯದನ್ನು ಕೊಟ್ಟೆ. ಬಿಡಿ ಹಾಳೆಗಳನ್ನು ತಡವಿ, "ಕುರುಡು ಹೊಲಿಗೆ, ಅಣ್ಣಯ್ಯಂದು" ಎಂದು ನಕ್ಕಳು. ಮೂಸಿದಳು. ಮತ್ತೆ ಮೂಸಿದಳು. ಹಾಳೆಯ ಒಂದು ಮೂಲೆಯನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದಳು. ನಗು ನಿಂತಿತು. "ಇದಕ್ಕೆ ಸುಣ್ಣ ಬಿದ್ದಿದೆ. ಯಾವಾಗಿಂದೇ ಇದು?"

"ನೀ ಹೋದ ಮೇಲಿಂದು, ಅತ್ತೆ. ಆಮೇಲಿನವೆಲ್ಲ ಹೀಗೇ ಇವೆ."

"ಹಂಗಾರೆ ಅವಂಗೆ ಗೊತ್ತಾಗಿತ್ತು."

"ಗೊತ್ತಾಗಿತ್ತು."

ಅವಳು ಅಳಲಿಲ್ಲ. ಬಹಳ ಹೊತ್ತು ಆ ಹಾಳೆಯನ್ನು ಮಡಚುತ್ತ ಬಿಚ್ಚುತ್ತ ಕೂತಳು. ಈಗ ಹೇಳದಿದ್ದರೆ ನಾನೂ ಸುಣ್ಣ ಹಾಕಿ ಸುಮ್ಮನಾದವಳೇ ಆಗುತ್ತೇನೆ ಎಂದುಕೊಂಡು, "ಅತ್ತೆ, ಅವತ್ತು ನಾ ಕಂಡಿರಲಿಲ್ಲ. ನೀ ಮುಚ್ಚಳ ಹಾಕಿದ್ದೆ, ಬಟ್ಟೆ ಹಾಕಿದ್ದೆ. ನಾ ಸುಳ್ಳು ಹೂಂ ಅಂದೆ" ಎಂದೆ.

ಅವಳ ಬಲಗೈ ಎದ್ದದ್ದು ನನಗೆ ಕಾಣಲಿಲ್ಲ. ಕೆನ್ನೆಗೆ ಬಿತ್ತು. ಎಂಬತ್ತರ ಹತ್ತಿರದ ಮುದುಕಿಯ ಏಟು ಅಂದುಕೊಳ್ಳಬೇಡಿ. ಮಡಚಲಾಗದ ಆ ಎರಡು ಬೆರಳು ಎರಡು ಕೋಲಿನ ಹಾಗೆ ಬಿದ್ದವು, ಕಿವಿ ಗುಂಯ್ ಎಂದಿತು. ಏನು ವಿಚಿತ್ರವೋ, ಆ ಒಂದು ಸಲ ಮಾತ್ರ ನನ್ನ ಕೈ ಮುಖಕ್ಕೆ ಅಡ್ಡ ಬರಲಿಲ್ಲ. ಅತ್ತೆ ಏದುಸಿರು ಬಿಡುತ್ತಿದ್ದಳು. "ನೀ ಬಂದಾಗೆಲ್ಲ ಇವತ್ತು ಹೇಳ್ತೀಯ, ಇವತ್ತು ಹೇಳ್ತೀಯ ಅಂತ ಕಾದಿದೀನಿ. ಕಿತ್ತಳೆ ಯಾರಿಗೆ ಬೇಕಿತ್ತೇ? ಅವ ಬರ್ಲಿ ಅಂತ ಒಂದು ದಿನಾನೂ ಕಾಯ್ಲಿಲ್ಲ ನಾನು. ನೀ ಹೇಳ್ಲಿ ಅಂತ ಕಾದೆ" ಎಂದಳು. ಆಮೇಲೆ ಅದೇ ಕೈಯಿಂದ ನನ್ನ ಕೆನ್ನೆ ತಡವಿ ನೋಡಿದಳು, ಊದಿದೆಯೇ ಎಂದು. ನಾನು ಅವಳ ಬೆನ್ನಿಗೆ ಬಿದ್ದು ಅತ್ತುಬಿಟ್ಟೆ, ಶಾಲೆಯಿಂದ ಬಂದವಳ ಹಾಗೆ. ಹೊರಡುವಾಗ ಅವಳು ಬಿಳಿಯ ಪುಸ್ತಕವನ್ನು ತನ್ನ ದಿಂಬಿನ ಪಕ್ಕ ಇಟ್ಟುಕೊಂಡಳು. "ಇದು ಇಲ್ಲಿರ್ಲಿ. ಆ ಹುಳೀದು ನೀ ತಗಂಡು ಹೋಗು. ಎಂತಾದ್ರೂ ಮಾಡ್ಕ."

ಶ್ರಾವಣದಲ್ಲಿ ಪದ್ದತ್ತೆ ತೀರಿಕೊಂಡಳು. ಬಿಳಿಯ ಪುಸ್ತಕವನ್ನು ಚಿತೆಯ ಮೇಲೆ ಅವಳ ಬಲಗೈಯ ಹತ್ತಿರ ಇಟ್ಟೆ. ಹುಳಿ ಪುಸ್ತಕ ನನ್ನ ಮೇಜಿನ ಮೇಲಿದೆ. ಸುಣ್ಣದ ತಿಳಿಯಲ್ಲಿ ಹಾಳೆಗಳನ್ನು ನೆನೆಸಿ ಒಣಗಿಸಿದರೆ ಹುಳಿ ಅಡಗುತ್ತದೆ, ಉಳಿದ ಕಾಗದ ಇನ್ನಷ್ಟು ಕಾಲ ಬಾಳುತ್ತದೆ. ದೊಡ್ಡ ದೊಡ್ಡ ಗ್ರಂಥಾಲಯಗಳಲ್ಲಿ ಮಾಡುವುದೂ ಇದನ್ನೇ, ಅತ್ತೆ ಹೇಳಿದ್ದನ್ನೇ. ತಿಳಿಯನ್ನು ಬಾಟಲಿಯಲ್ಲಿ ಮಾಡಿಟ್ಟು ತಿಂಗಳುಗಳಾದವು. ಇನ್ನೂ ಎರೆದಿಲ್ಲ. ಎರೆದರೆ ವಾಸನೆ ಹೋಗುತ್ತದೆ. ಆ ಪೇಟೆಬೀದಿಯ ಮನೆ, ಕೊಳ್ಳಿ ಹಿಡಿದ ಅಮ್ಮ, ತೊಡೆಯ ಮೇಲೆ ಕೂರಿಸಿಕೊಂಡು ಓದಿಸಿದ ಆ ಕಟುಕ, ಕಾಲು ಚಾಚಿ ಹೊಲಿಯುವ ಅತ್ತೆ, ಇವರೆಲ್ಲ ನನಗೆ ಉಳಿದಿರುವುದು ಈ ಹುಳಿಯಲ್ಲಿ ಮಾತ್ರ. ನಿಮ್ಮ ಮನೆಯೂ ಹೀಗೆ ಯಾವುದೋ ಒಂದು ವಾಸನೆಯಲ್ಲಿ ಉಳಿದಿದ್ದರೆ ನನ್ನ ಕಷ್ಟ ನಿಮಗೆ ತಿಳಿಯುತ್ತದೆ. ಸಂಜೆ ಕಾಲೇಜಿನಿಂದ ಬಂದು ಪುಸ್ತಕವನ್ನು ಒಮ್ಮೆ ತೆರೆದು ಮೂಸುತ್ತೇನೆ. ಈಗಲೂ ಕೈ ಮುಖಕ್ಕೆ ಅಡ್ಡ ಬರುತ್ತದೆ. ಅದನ್ನು ಮೆಲ್ಲಗೆ ಕೆಳಗಿಳಿಸಿ, ಮತ್ತೊಮ್ಮೆ ಮೂಸುತ್ತೇನೆ.